ಎಡಕ್ಕೆ ವಾಲಿದ ನಲವತ್ತಮೂರು

ನಮ್ಮೂರಿನ ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳಾಪಟ್ಟಿ ಇಲ್ಲ, ಸತ್ತವರ ಪಟ್ಟಿ ಇದೆ. ಗಾಜಿನ ಮೇಲೆ, ಕಂಬದ ಮೇಲೆ, ಪಕ್ಕದ ಮರದ ಕಾಂಡದ ಮೇಲೆ ಎಲ್ಲೆಲ್ಲೂ ಕಪ್ಪು ಅಂಚಿನ ಕಾಗದಗಳು, ಕಾಗದಕ್ಕೊಂದು ಮುಖ. ಸತ್ತ ದಿನ ಒಂದು ಹಚ್ಚುತ್ತೇವೆ, ನಲವತ್ತನೆಯ ದಿನ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದು. ಬಸ್ಸು ತಡವಾದಷ್ಟೂ ಸತ್ತವರ ಪರಿಚಯ ಗಟ್ಟಿಯಾಗುತ್ತದೆ. ನನ್ನ ಗಂಡ ಮಿಂಚೊ ಆರು ವರ್ಷದಿಂದ ಅಲ್ಲಿದ್ದಾನೆ. ಮಳೆಗೆ ಮುಖ ಮಾಸುತ್ತದೆಂದು ಪ್ರತಿ ನವೆಂಬರಿನಲ್ಲಿ ಹೊಸದು ಹಚ್ಚುತ್ತೇನೆ. ಮನೆಯ ಬಾಗಿಲಿನ ಮೇಲೂ ಅವನದೊಂದು ಇದೆ. ಬೀಗ ತೆಗೆಯುವಾಗ "ಬಂದೆ ಕಣೋ" ಎನ್ನುತ್ತೇನೆ. ಒಳಗೆ ಹೋದರೆ ಮಾತಿಗೆ ಯಾರೂ ಇಲ್ಲ, ಹಾಗಾಗಿ ಇರುವ ಮಾತನ್ನು ಬಾಗಿಲಲ್ಲೇ ಆಡಿ ಮುಗಿಸುತ್ತೇನೆ.

ನನ್ನ ಹೆಸರು ನೇಡಾ. ವಯಸ್ಸು ಐವತ್ತೆಂಟು. ಮಕ್ಕಳಾಗಲಿಲ್ಲ. ಮೂವತ್ತೊಂದು ವರ್ಷದಿಂದ ಊರಿನ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂತಿದ್ದೇನೆ. ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಮಾರ್ಟರ್ ಶೆಲ್, ಯುದ್ಧದಲ್ಲಿ ದೂರದಿಂದ ಹಾರಿಸುವ ಸಿಡಿಗುಂಡು. ಈ ಮಾತನ್ನು ಇಷ್ಟು ನೇರವಾಗಿ ಹೇಳುವುದು ನಮ್ಮೂರಲ್ಲಿ ರೂಢಿಯಿಲ್ಲ. ನಾವು "ಸಾಮಾನು" ಎನ್ನುತ್ತೇವೆ. ಇವತ್ತು ಎಷ್ಟು ಸಾಮಾನು ಹೋಯಿತು, ಸಾಮಾನು ಒದ್ದೆಯಾಗದಂತೆ ನೋಡಿಕೊಳ್ಳಿ, ಹೀಗೆ. ಹೊರಗಿನವರು ಕೇಳಿದರೆ ಸಕ್ಕರೆ ಬೆಲ್ಲದ ವ್ಯಾಪಾರ ಅಂದುಕೊಳ್ಳಬೇಕು.

ನನ್ನ ಮೇಜಿಗೆ ಬರುವುದು ಸಾಮಾನಿನ ಬಾಲ, ಅಂದರೆ ಸುತ್ತಲೂ ರೆಕ್ಕೆಗಳಿರುವ ಗೇಣುದ್ದದ ಕೊಳವೆ. ಅದನ್ನು ಅಳೆದು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಸರಿಯಿದ್ದರೆ ನನ್ನ ಉಕ್ಕಿನ ಪಂಚ್ ಅದರ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಬೇಕು. ಲೋಹದ ಮೇಲೆ ಗುರುತು ಮೂಡುತ್ತದೆ: ಒಂದು ಸಣ್ಣ ಸುತ್ತು, ಅದರೊಳಗೆ ನಲವತ್ತಮೂರು. ತಪಾಸಣೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ನನ್ನ ಪಂಚಿನಲ್ಲಿ ನಾಲ್ಕರ ಕಾಲು ಮುರಿದಿದೆ, ನಾನು ಸೇರುವ ಮೊದಲೇ ಮುರಿದಿತ್ತು. ಸಾಲದ್ದಕ್ಕೆ ನಾನು ಎಡಚಿ, ಹೊಡೆತ ಯಾವಾಗಲೂ ಎಡಕ್ಕೆ ವಾಲುತ್ತದೆ. ಸಾವಿರ ಬಾಲಗಳ ರಾಶಿ ಸುರಿದರೂ ನನ್ನದನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಈ ಮೂವತ್ತೊಂದು ವರ್ಷದಲ್ಲಿ ನಾನು ಹೊಡೆದು ಕಳಿಸಿದ್ದು ಒಂದೂ ದೂರು ಹೊತ್ತು ವಾಪಸ್ ಬಂದಿಲ್ಲ. ಅದಕ್ಕೆ ನನಗೊಂದು ಪ್ರಶಸ್ತಿಪತ್ರವನ್ನೂ ಕೊಟ್ಟಿದ್ದಾರೆ. ಅಡುಗೆಮನೆಯ ಗೋಡೆಯ ಮೇಲೆ ಅದನ್ನು ತೂಗುಹಾಕಿದ್ದೆ.

ನನಗಿರುವ ಒಬ್ಬಳೇ ಗೆಳತಿ ಗಿನ್ಕಾ, ಎದುರುಮನೆಯವಳು. ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆದು, ತಗಡಿನ ಅಚ್ಚಿಟ್ಟು ಮೇಲೆ ಸಾಮಾನು ಹೋಗುವ ದೇಶದ ಹೆಸರಿಗೆ ಬಣ್ಣ ಬಳಿಯುತ್ತಾಳೆ. ಅವಳ ಮಗ, ಸೊಸೆ ಇಬ್ಬರೂ ಅಲ್ಲೇ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಪಾಳಿಗೆ ಹೋಗುವ ಮುಂಚೆ ಕಾಲು ಗಂಟೆ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾಳೆ. ಇಡೀ ದಿನದಲ್ಲಿ ಯಾರಾದರೂ ನನ್ನನ್ನು ಬೈಯುವುದು, ರೇಗಿಸುವುದು ಆ ಕಾಲು ಗಂಟೆಯಲ್ಲಿ ಮಾತ್ರ. ಭಾನುವಾರ ಅವಳು ಮೊಮ್ಮಕ್ಕಳಲ್ಲಿಗೆ ಹೊರಟರೆ ನನಗೆ ದಿನ ಕಳೆಯುವುದೇ ದೊಡ್ಡ ಕೆಲಸವಾಗುತ್ತದೆ.

ಶನಿವಾರ ಮಧ್ಯಾಹ್ನ ನಾನು ಬಸ್ ನಿಲ್ದಾಣದಲ್ಲಿ ಹೋಗಿ ಕೂರುತ್ತೇನೆ. ಎಲ್ಲಿಗೂ ಹೋಗುವುದಕ್ಕಲ್ಲ. ಅಲ್ಲಿ ಜನ ಬರುತ್ತಾರೆ, ಹೋಗುತ್ತಾರೆ, ಬಸ್ಸು ಬಂತಾ ಎಂದಾದರೂ ಕೇಳುತ್ತಾರೆ.

ಮಾರ್ಚ್ ತಿಂಗಳ ಒಂದು ಶನಿವಾರ ಹಾಗೆ ಕೂತಿದ್ದಾಗ ಒಬ್ಬ ಪರದೇಶದವನು ಸತ್ತವರ ಕಾಗದಗಳನ್ನು ನೋಡುತ್ತ ನಿಂತಿದ್ದ. ಐವತ್ತರ ಒಳಗಿನವನು, ತೆಳ್ಳಗೆ, ಮೈಗೆ ದೊಡ್ಡದಾದ ಕೋಟು. ನಮ್ಮ ಲಿಪಿ ಅವನಿಗೆ ಬರುತ್ತಿರಲಿಲ್ಲವೆಂದು ಕಾಣುತ್ತದೆ, ಮುಖಗಳನ್ನಷ್ಟೇ ಒಂದೊಂದಾಗಿ ನೋಡುತ್ತಿದ್ದ. ಮಿಂಚೊನ ಮುಂದೆಯೂ ಒಂದು ಗಳಿಗೆ ನಿಂತ. ಎರಡು ದಿನದಿಂದ ಇಂಥವನೊಬ್ಬ ಕಾರ್ಖಾನೆಯ ಗೇಟಿನ ಹತ್ತಿರ, ಬೇಕರಿಯ ಹತ್ತಿರ ಕಾಗದ ಹಿಡಿದು ಎಲ್ಲರನ್ನೂ ಕೇಳುತ್ತಿದ್ದಾನೆಂದು ಗಿನ್ಕಾ ಹೇಳಿದ್ದಳು. ಎಲ್ಲರೂ ಗದ್ದ ಮೇಲೆತ್ತಿ, ನಾಲಿಗೆಯಲ್ಲಿ ಲೊಚ್ ಎಂದು, ಇಲ್ಲ ಅಂದಿದ್ದರಂತೆ. ಗಿನ್ಕಾ ಕೂಡ ಹಾಗೇ ಅಂದಿದ್ದಳು.

ಅವನು ನನ್ನ ಹತ್ತಿರ ಬಂದು, ಸ್ವಲ್ಪ ಬಾಗಿ, ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟ. ನಮ್ಮ ಭಾಷೆಯಲ್ಲೇ ಟೈಪ್ ಮಾಡಿದ್ದು. ಅದರಲ್ಲಿದ್ದದ್ದು ಇಷ್ಟು:

"ನನ್ನ ಹೆಸರು ಹಮೂದ್. ನಾನು ಯೆಮನ್ ದೇಶದವನು. ಊರಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ, ಈಗ ಜರ್ಮನಿಯಲ್ಲಿ ಗೋದಾಮಿನ ಕೆಲಸ ಮಾಡುತ್ತೇನೆ. ಅಲ್ಲಿನ ಜೊತೆಗಾರ, ನಿಮ್ಮ ದೇಶದವನು, ಇದನ್ನು ಬರೆದುಕೊಟ್ಟ. ಎರಡು ವರ್ಷದ ಹಿಂದೆ ನನ್ನ ಮಗಳು ಅರ್ವಾ ನೀರಿನ ಸಾಲಿನಲ್ಲಿ ನಿಂತಿದ್ದಳು. ಅವಳಿಗೆ ಒಂಬತ್ತು ವರ್ಷ. ಆ ಸಾಲಿನಲ್ಲಿ ಸಿಪಾಯಿಗಳು ಯಾರೂ ಇರಲಿಲ್ಲ. ಹನ್ನೊಂದು ಜನ ಸತ್ತರು. ಕೆಳಗಿನ ಚಿತ್ರದಲ್ಲಿರುವ ಚೂರು ಅಲ್ಲೇ ಸಿಕ್ಕಿತು. ನಿಮ್ಮ ಕಾರ್ಖಾನೆಗೆ ಮೂರು ಸಲ ಬರೆದೆ. ಈ ಗುರುತು ನಮ್ಮದಲ್ಲ, ಯಾರೋ ನಕಲು ಮಾಡಿದ್ದಾರೆ ಎಂದು ಉತ್ತರ ಬಂತು. ನಾನು ಪರಿಹಾರ ಕೇಳಲು ಬಂದಿಲ್ಲ. ಇಂಥ ಸಾಗಣೆ ನಿಲ್ಲಿಸಿ ಎಂದು ಕೇಳುತ್ತಿರುವ ವಕೀಲರಿದ್ದಾರೆ, ಅವರಿಗೆ ಕಾರ್ಖಾನೆಯ ಒಬ್ಬರ ಮಾತು ಬೇಕು. ನನಗೂ ಬೇಕು. ಈ ಗುರುತು ನಿಮಗೆ ಗೊತ್ತೇ? ಗೊತ್ತಿದ್ದರೆ ಹೌದು ಎನ್ನಿ, ಅಷ್ಟು ಸಾಕು."

ಕೆಳಗೆ ಅವನ ಜರ್ಮನಿಯ ವಿಳಾಸ. ಅದರ ಕೆಳಗೆ ಎರಡು ಚಿತ್ರ. ಒಂದು ಹುಡುಗಿಯದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಾಳೆ, ಮುಂದಿನ ಒಂದು ಹಲ್ಲಿಲ್ಲ. ಇನ್ನೊಂದು ಬಾಲದ್ದು. ರೆಕ್ಕೆಗಳು ಸೊಟ್ಟಗಾಗಿದ್ದವು, ಕೊಳವೆ ಹಾಗೇ ಇತ್ತು. ಅದರ ಮೇಲೆ ಒಂದು ಸುತ್ತು, ಕಾಲು ಮುರಿದ ನಾಲ್ಕು, ಪಕ್ಕದಲ್ಲಿ ಮೂರು. ಎಡಕ್ಕೆ ವಾಲಿತ್ತು.

ನನಗೆ ಮೊದಲು ಬಂದದ್ದು ದುಃಖವಲ್ಲ. ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ಸಿಟ್ಟು. ನಕಲಂತೆ. ನನ್ನ ಕೈಹೊಡೆತವನ್ನು ಕಾರ್ಖಾನೆಯವರು ನಕಲು ಎಂದು ಕಾಗದದಲ್ಲಿ ಬರೆದು ಕಳಿಸಿದ್ದಾರೆ. ಆಮೇಲೆ ಆ ಹುಡುಗಿಯ ಹಲ್ಲಿಲ್ಲದ ಜಾಗ ನೋಡಿದೆ. ನನ್ನದು ಒಂದೂ ವಾಪಸ್ ಬಂದಿಲ್ಲ ಎಂದು ಹೆಮ್ಮೆಪಡುತ್ತಿದ್ದೆನಲ್ಲ, ಅದರ ಅರ್ಥ ಏನೆಂದು ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ನಾನು ಸೋಮಾರಿಯಾಗಿದ್ದರೆ, ಆ ದಿನ ಒಂದು ಸೊಟ್ಟ ಬಾಲವನ್ನು ನೋಡದೆ ಬಿಟ್ಟಿದ್ದರೆ, ಅದು ಎಲ್ಲೋ ಬಯಲಿಗೆ ಹೋಗಿ ಬೀಳುತ್ತಿತ್ತೇನೋ. ಈ ಮಗು ನೀರು ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದಳೇನೋ. ನಾನು ಚೆನ್ನಾಗಿ ಕೆಲಸ ಮಾಡಿದ್ದೆ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೌದು ಎನ್ನಬೇಕೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಹೌದೆಂದರೆ ಕೆಲಸ ಹೋಗುತ್ತದೆ, ಇನ್ನೆಲ್ಲೂ ಸಿಗುವುದಿಲ್ಲ, ಗಿನ್ಕಾ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕಣ್ಣಲ್ಲಿ ನೀರು ಬಂದರೂ ಆಡಿಸುತ್ತಲೇ ಇದ್ದೆ. ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೌದು ಎಂದಿರಲಿಲ್ಲ, ಮದುವೆಯಲ್ಲಿ ಮಿಂಚೊನಿಗೂ ಅಂದಿರಲಿಲ್ಲ.

ಅವನು ಎದೆಯ ಮೇಲೆ ಕೈಯಿಟ್ಟು ನಮ್ಮ ಮಾತಿನಲ್ಲೇ ತಪ್ಪುತಪ್ಪಾಗಿ ಉಪಕಾರವಾಯಿತು ಎಂದ. ಅಷ್ಟರಲ್ಲಿ ಬಸ್ಸು ಬಂತು. ಹಾಳೆಯನ್ನು ನನ್ನ ಕೈಯಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿ ಹತ್ತಿಬಿಟ್ಟ. ಇಷ್ಟೇ ಏನು, ಹೆಸರು ಕೇಳುವುದಿಲ್ಲವೇ, ಸಹಿ ಹಾಕಿಸಿಕೊಳ್ಳುವುದಿಲ್ಲವೇ ಎಂದು ನಾನು ಬೆಂಚಿನಲ್ಲೇ ಕೂತಿದ್ದೆ. ಮುಂದಿನ ಬಸ್ಸು ಬರುವವರೆಗೂ ಕೂತಿದ್ದೆ. ಯಾರನ್ನೋ ಕರೆದುಕೊಂಡು ತಿರುಗಿ ಬರುತ್ತಾನೆ ಅಂದುಕೊಂಡಿದ್ದೆ.

ಮರುದಿನ ಮೊಮ್ಮಕ್ಕಳ ಮನೆಗೆ ಹೊರಡುವ ಮುಂಚೆ ಗಿನ್ಕಾ ಬಂದಳು. ಕೈಯಲ್ಲಿ ಅವಳೇ ಮಾಡಿದ ಕೆಂಪು ಮೆಣಸಿನಕಾಯಿ ಗೊಜ್ಜಿನ ಬಾಟಲಿ.

"ತಗೋ, ನಿನ್ನ ಮೂತಿಗೆ ಸ್ವಲ್ಪ ಖಾರ ಬೇಕು. ಏನೇ, ಯಾಕೆ ಹೀಗೆ ಕೂತಿದೀಯ?"

"ಆ ಯೆಮನ್‌ನವನು ನಿನ್ನೆ ನನ್ನನ್ನೂ ಕೇಳಿದ."

ಗಿನ್ಕಾ ಕಾಫಿಯ ಲೋಟ ಕೆಳಗಿಟ್ಟಳು. "ಕೇಳಿದ್ರೆ?"

"ಹೌದು ಅಂದೆ."

"ಬಾಯಿಬಿಟ್ಟು ಅಂದ್ಯಾ?"

"ಬಾಯಿ ಬರ್ಲಿಲ್ಲ. ತಲೆ ಆಡಿಸ್ದೆ."

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಒಂದೇ ಸಮನೆ ನಗತೊಡಗಿದಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಬದುಕಿದ್ವಿ ಕಣೇ. ಅಯ್ಯೋ ಪೆದ್ದಿ, ಅವರ ಕಡೆಯೆಲ್ಲ ಹಾಗೆ ಆಡಿಸಿದ್ರೆ ಇಲ್ಲ ಅಂತ ಅರ್ಥ. ಗ್ರೀಸಲ್ಲಿ ಹಣ್ಣು ಕೀಳೋಕೆ ಹೋಗಿದ್ನಲ್ಲ, ಅಲ್ಲಿ ನನ್ನ ಜೊತೆಗಿದ್ದವರು ಅರಬರೇ. ಮೂರು ದಿನ ಊಟ ಬೇಕಾ ಅಂತ ಕೇಳಿದಾಗೆಲ್ಲ ತಲೆ ಆಡಿಸಿ ಆಡಿಸಿ ಉಪವಾಸ ಬಿದ್ದಿದ್ದೆ. ಗದ್ದ ಎತ್ತಿದ್ರೆ ಮಾತ್ರ ಅವರಲ್ಲೂ ಇಲ್ಲ ಅಂತಲೇ, ಅದಕ್ಕೆ ನಾವೆಲ್ಲ ಗದ್ದ ಎತ್ತಿದ್ದು ಅವನಿಗೆ ಸರಿಯಾಗೇ ತಿಳೀತು. ನಿನ್ನದೂ ಇಲ್ಲ ಅಂತಲೇ ತಿಳ್ಕೊಂಡು ಹೋಗಿದಾನೆ."

ನನ್ನ ಮೈಯೆಲ್ಲ ಹಗುರವಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ಕೆಲಸ ಉಳಿಯಿತು, ಗಿನ್ಕಾ ಉಳಿದಳು ಎಂದು ನನಗೆ ನಿಜವಾಗಿ ಸಮಾಧಾನವಾಯಿತು. ಅವಳ ಜೊತೆ ನಾನೂ ನಕ್ಕೆ.

"ಆ ಗುರುತು ನಿಂದು ಅಂತ ನೋಡ್ತಿದ್ದ ಹಾಗೇ ಗೊತ್ತಾಯ್ತು ನಂಗೆ," ಎಂದಳು ಗಿನ್ಕಾ. "ಯಾರಿಗೆ ಗೊತ್ತಿಲ್ಲ ಹೇಳು? ಆದ್ರೆ ನಾವು ಅವರ ದೇಶಕ್ಕೆ ಕಳಿಸೇ ಇಲ್ಲ. ಪೆಟ್ಟಿಗೆ ಮೇಲೆ ನಾನೇ ಅಲ್ವಾ ಬಣ್ಣ ಬಳಿಯೋದು. ಬೇರೆ ದೇಶದ ಹೆಸರಿತ್ತು. ಅಲ್ಲಿ ಯುದ್ಧನೂ ಇಲ್ಲ, ಏನೂ ಇಲ್ಲ. ನಾವೇ ಇಟ್ಕೊಳ್ತೀವಿ, ಬೇರೆ ಯಾರಿಗೂ ಕೊಡಲ್ಲ ಅಂತ ಆ ದೇಶದವರು ಸಹಿ ಹಾಕಿ ಮೊಹರು ಒತ್ತಿದ ಕಾಗದ ಇದೆಯಂತೆ. ಆಮೇಲೆ ಅವರು ಯಾರಿಗೆ ದಾಟಿಸ್ತಾರೋ ನಮಗೇನೇ ಗೊತ್ತು?"

"ಯುದ್ಧ ಇಲ್ಲದ ದೇಶಕ್ಕೆ ಅಷ್ಟೊಂದು ಸಾಮಾನು ಯಾಕೆ ಗಿನ್ಕಾ?"

"ಬಿಡೇ. ಕಾಫಿ ಕುಡಿ. ಹೊಸ ಆರ್ಡರ್ ಬಂದಿದೆ, ನಮ್ಮ ಹುಡುಗ ಈ ಸಲ ಮನೆಗೆ ಹೊಸ ಕಿಟಕಿ ಹಾಕಿಸ್ತಾನಂತೆ. ಚಳಿಗೆ ಮಕ್ಕಳು ಕೆಮ್ತಾ ಇರ್ತಾವೆ."

ಅವಳು ಕೆಟ್ಟವಳಲ್ಲ. ಮಿಂಚೊ ಆಸ್ಪತ್ರೆಯಲ್ಲಿದ್ದಾಗ ನಲವತ್ತು ದಿನ ನನಗೆ ಊಟ ತಂದುಕೊಟ್ಟವಳು. ಅವಳು ಎದ್ದು ಹೋದ ಮೇಲೆ ನಾನು ಆ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟೆ. ಜರ್ಮನಿಯಿಂದ ಎರಡು ದಿನವಾದರೂ ಬಸ್ಸಿನಲ್ಲಿ ಕೂತು ಬಂದಿರಬೇಕು. ನಮ್ಮೂರಿನ ಅಷ್ಟೂ ಜನ ಸುಳ್ಳು ಹೇಳಿದ್ದು ಅವನಿಗೆ ಸರಿಯಾಗಿ ತಿಳಿದಿತ್ತು. ನಿಜ ಹೇಳಿದವಳು ನಾನೊಬ್ಬಳು, ಅದು ಮಾತ್ರ ತಿಳಿಯಲಿಲ್ಲ. ಆ ತಪ್ಪು ತಿಳಿವಳಿಕೆಯನ್ನು ನಾನು ಹಾಗೇ ಬಿಟ್ಟರೆ, ನಾನೂ ಗದ್ದ ಎತ್ತಿದ ಹಾಗೆಯೇ ಆಯಿತು. ಗೋಡೆಯ ಮೇಲಿನ ಪ್ರಶಸ್ತಿಪತ್ರ ತೆಗೆದು ಪಾತ್ರೆಗಳ ಕಪಾಟಿನ ಹಿಂದೆ ಇಟ್ಟೆ. ಅಲ್ಲೊಂದು ಬಿಳಿ ಚೌಕ ಉಳಿಯಿತು.

ನಾಲ್ಕು ದಿನ ಕೆಲಸ ಮಾಡಿದೆ. ಪ್ರತಿ ಬಾಲವನ್ನೂ ಬೆಳಕಿಗೆ ಹಿಡಿದಾಗ ಇದು ಯಾವ ಸಾಲಿಗೆ ಎಂದು ಅನಿಸುತ್ತಿತ್ತು. ಯಾರೊಂದಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಗಿನ್ಕಾ ಕಾಫಿಗೆ ಬಂದು ಹೋಗುತ್ತಿದ್ದಳು. ಅವಳೆದುರು ಕೂತಿದ್ದರೂ ಒಬ್ಬಳೇ ಕೂತ ಹಾಗಿರುತ್ತಿತ್ತು, ಅದು ಹೊಸ ಅನುಭವ.

ಐದನೆಯ ದಿನ ಊಟಕ್ಕೆ ಆ ಗೊಜ್ಜಿನ ಬಾಟಲಿ ತೆಗೆದುಕೊಂಡು ಹೋದೆ. ಊಟದ ಬಿಡುವಿನಲ್ಲಿ ವಿಭಾಗ ಖಾಲಿಯಾದಾಗ ಬಾಟಲಿಯ ತಗಡಿನ ಮುಚ್ಚಳವನ್ನು ಮೇಜಿನ ಮೇಲಿಟ್ಟು, ಪಂಚ್ ಹಿಡಿದು, ಎಡಗೈಯಿಂದ ಒಂದೇಟು ಹೊಡೆದೆ. ಮುಚ್ಚಳವನ್ನು ತಿರುಗಿ ಬಾಟಲಿಗೆ ಹಾಕಿದೆ. ಸಂಜೆ ಗೇಟಿನಲ್ಲಿ ಚೀಲ ನೋಡಿದ ಕಾವಲಿನವಳು, "ಗಿನ್ಕಾ ಮಾಡಿದ್ದಾ? ನಮಗೆಲ್ಲ ಇಲ್ಲ ನೋಡು," ಎಂದಳು. ನಾನು ಅಂಚೆ ಕಚೇರಿಗೆ ಹೋಗಿ ಮುಚ್ಚಳ ಒರೆಸಿ, ಒಂದು ಚೀಟಿಯ ಜೊತೆ ಲಕೋಟೆಗೆ ಹಾಕಿ, ಜರ್ಮನಿಯ ವಿಳಾಸ ಬರೆದೆ. ಚೀಟಿಯಲ್ಲಿ ಬರೆದದ್ದು ಮೂರೇ ಸಾಲು. "ನಾನು ಬಸ್ ನಿಲ್ದಾಣದ ಹೆಂಗಸು. ನಮ್ಮಲ್ಲಿ ಹಾಗೆ ತಲೆಯಾಡಿಸಿದರೆ ಹೌದು ಎಂದು ಅರ್ಥ. ಅದು ನನ್ನ ಕೈಯದು." ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವನು ಸತ್ತವರ ಕಾಗದಗಳ ಮುಂದೆ ನಿಂತಿದ್ದ ರೀತಿ ನನ್ನ ಕಣ್ಣಿಂದ ಹೋಗಲಿಲ್ಲ. ಎರಡು ವರ್ಷವಾಗಿತ್ತು. ನಮ್ಮಲ್ಲಾದರೆ ಆ ಮಗುವಿಗೆ ಇಷ್ಟರಲ್ಲಿ ಐದು ಕಾಗದ ಹಚ್ಚಿರುತ್ತಿದ್ದೆವು.

ಸತ್ತವರ ಕಾಗದ ಮುದ್ರಿಸುವವನು ಊರಿಗೆಲ್ಲ ಒಬ್ಬನೇ, ಮುದುಕ ಗಾಂಚೊ. ಅವನ ಅಂಗಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಅವನ ಪಕ್ಕದಲ್ಲಿ ಕೂತೆ. ಹಾಳೆಯಲ್ಲಿದ್ದ ಹುಡುಗಿಯ ಚಿತ್ರ ತೋರಿಸಿದೆ.

"ಯಾರ ಮಗುವಮ್ಮ ಇದು? ನಮ್ಮೂರಿನದಲ್ಲ."

"ಯೆಮನ್ದು."

"ಹಾಗಾದ್ರೆ ಹಸಿರು ಅಂಚು ಹಾಕ್ಬೇಕು," ಎಂದ. ಮೇಲಿನ ಕೇರಿಯ ಮುಸಲ್ಮಾನ ತುರ್ಕರಿಗೆ ಅವನು ಹಸಿರು ಅಂಚಿನದನ್ನೇ ಮಾಡಿಕೊಡುತ್ತಾನೆ. "ಹೇಳು, ಏನು ಬರೀಲಿ?"

ನಾನು ಹೇಳುತ್ತ ಹೋದೆ, ಅವನು ಎರಡು ಬೆರಳಲ್ಲಿ ಕುಟ್ಟುತ್ತ ಹೋದ. ಎರಡು ವರ್ಷ. ಅರ್ವಾ. ವಯಸ್ಸು ಒಂಬತ್ತು. ನೀರಿಗಾಗಿ ಸಾಲಿನಲ್ಲಿ ನಿಂತಿದ್ದಾಗ ನಮ್ಮೂರಿನಲ್ಲಿ ತಯಾರಾದ ಶೆಲ್ ಬಿದ್ದು ಸತ್ತಳು. ಪರದೆ ನೋಡಿದರೆ 'ಸಾಮಾನು ಬಿದ್ದು ಸತ್ತಳು' ಎಂದಿತ್ತು. ಅವನು ಬೇಕೆಂದು ಹಾಗೆ ಮಾಡಿರಲಿಲ್ಲ, ಕೈಗೆ ಅದೇ ರೂಢಿ.

"ಗಾಂಚೊ, ಸಾಮಾನು ಬಿದ್ರೆ ಕಾಲಿಗೆ ಪೆಟ್ಟಾಗತ್ತೆ. ಶೆಲ್ ಅಂತ ಹಾಕು."

ಅವನು ಅಳಿಸಿ ಶೆಲ್ ಎಂದು ಹಾಕಿದ. "ದುಃಖಿಸುವವರು ಯಾರು ಅಂತ ಬರೀಲಿ?"

"ತಂದೆ ಹಮೂದ್. ಆಮೇಲೆ ತಪಾಸಣೆ ಮೇಜಿನ ನೇಡಾ, ನಂಬರ್ ನಲವತ್ತಮೂರು."

ಗಾಂಚೊ ಕನ್ನಡಕ ತೆಗೆದ. "ನೋಡು ತಾಯಿ, ಮನೆಗೆ ಹೋಗು. ಎರಡು ದಿನ ಯೋಚ್ನೆ ಮಾಡಿ ಬಾ."

"ಯೋಚ್ನೆ ಮಾಡೇ ಬಂದಿದೀನಿ. ನಿನಗೆ ಭಯ ಆದ್ರೆ ಎಲ್ಲಿ ಮಾಡಿಸ್ದೆ ಅಂತ ನಾನು ಯಾರಿಗೂ ಹೇಳಲ್ಲ."

"ಊರಲ್ಲಿ ಇರೋದು ಒಂದೇ ಅಂಗಡಿ. ನೀನು ಹೇಳ್ದೇ ಇದ್ರೆ ಯಾರಿಗೂ ಗೊತ್ತಾಗಲ್ಲ ಬಿಡು," ಎಂದು ಗೊಣಗುತ್ತ ಐದು ಪ್ರತಿ ತೆಗೆದ. ಕೊನೆಯದನ್ನು ಕೈಗೆ ಕೊಡುವ ಮೊದಲು ಆ ಮಗುವಿನ ಮುಖ ಸ್ವಲ್ಪ ಮಸುಕಾಗಿದೆಯೆಂದು ಮತ್ತೆ ತಿಳಿಯಾಗಿ ಮುದ್ರಿಸಿದ.

ಮರುದಿನ ಬೆಳಕು ಹರಿಯುವಾಗ ಹೋಗಿ ಹಚ್ಚಿದೆ. ಬಸ್ ನಿಲ್ದಾಣದ ಗಾಜಿನ ಮೇಲೆ ಮಿಂಚೊನ ಪಕ್ಕದಲ್ಲಿ ಒಂದು, ಮರದ ಮೇಲೆ ಒಂದು, ಕಾರ್ಖಾನೆಯ ಗೇಟಿನ ಗೋಡೆಯ ಮೇಲೆ ಎರಡು. ಒಂದನ್ನು ನನ್ನ ಬಾಗಿಲಿಗೆ ಹಚ್ಚಿದೆ. ಒಳಗೆ ಬಂದು ಕಾಫಿ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದೆ. ಎದುರಿನ ಬಾಗಿಲು ತೆರೆದ ಸದ್ದಾಯಿತು. ಚಪ್ಪಲಿ ನನ್ನ ಬಾಗಿಲವರೆಗೆ ಬಂತು, ನಿಂತಿತು. ಕಾಗದ ಓದುವಷ್ಟು ಹೊತ್ತು ನಿಂತಿರಬೇಕು. ಆಮೇಲೆ ಮೆಟ್ಟಿಲಿಳಿದು ಹೋಯಿತು. ನಾನು ಎರಡೂ ಲೋಟ ಕಾಫಿ ಕುಡಿದೆ.

ಗೇಟಿನ ಹತ್ತಿರ ಪಾಳಿಯ ಜನ ಒಳಗೆ ಹೋಗದೆ ಗುಂಪಾಗಿ ನಿಂತಿದ್ದರು. ನನಗೆ ದಾರಿ ಬಿಟ್ಟರು, ಬೇಕಾದ್ದಕ್ಕಿಂತ ಅಗಲವಾಗಿಯೇ ಬಿಟ್ಟರು. ಗಿನ್ಕಾ ಮಗನ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು. ನಮ್ಮ ವಿಭಾಗದ ಇಂಜಿನಿಯರ್ ಪೆಯ್ಕೊವ್ ಗೋಡೆಯಿಂದ ಕಿತ್ತ ಕಾಗದ ಹಿಡಿದುಕೊಂಡಿದ್ದ. ನನ್ನ ಮೇಜಿನಲ್ಲೇ ಕೂತು ಕೆಲಸ ಕಲಿತವನು. ಊರಿನ ಎಳೆಯರ ಹಾಗೆ ಅವನೂ ನನ್ನನ್ನು ಲೆಲ್ಯಾ ಎನ್ನುತ್ತಾನೆ, ಚಿಕ್ಕಮ್ಮ ಎಂದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಲೆಲ್ಯಾ ನೇಡಾ, ಇದು ನಿಮ್ಮದಲ್ಲ ಅಂತ ನಂಗೊತ್ತು. ಯಾರೋ ನಿಮ್ಮ ಹೆಸರು ಹಾಕಿ ತಮಾಷೆ ಮಾಡಿದಾರೆ. ಆಫೀಸಿನವರು ಮೇಲೆ ಕಿಟಕೀಲಿ ನೋಡ್ತಿದಾರೆ. ನೀವು ಏನೂ ಮಾತಾಡೋದು ಬೇಡ. ಸುಮ್ನೆ ಗದ್ದ ಎತ್ತಿ, ನಾನು ಇಲ್ಲಿಗೇ ಮುಗಿಸ್ತೀನಿ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕಾಗದ ಮೇಲೆತ್ತಿ ಕೇಳಿದ, "ಇದು ನಿಮ್ಮದಾ?"

ಗಿನ್ಕಾ ತಲೆ ಎತ್ತಿ ನನ್ನನ್ನು ನೋಡಿದಳು. ಗದ್ದ ಎತ್ತೇ ಎಂದು ಅವಳ ಕಣ್ಣು ಬೇಡುತ್ತಿತ್ತು. ನಾಳೆ ಬೆಳಿಗ್ಗೆಯ ಕಾಫಿ, ನಾಡಿದ್ದಿನ ಕಾಫಿ, ನಾನು ಸತ್ತರೆ ನನ್ನ ಕಾಗದ ಹಚ್ಚುವ ಒಂದು ಕೈ, ಎಲ್ಲವೂ ಆ ನೋಟದಲ್ಲಿತ್ತು.

ನಾನು ತಲೆಯನ್ನು ನಿಧಾನವಾಗಿ ಎಡಕ್ಕೆ ಆಡಿಸಿದೆ, ಬಲಕ್ಕೆ ಆಡಿಸಿದೆ, ಮತ್ತೆ ಎಡಕ್ಕೆ. ಅಲ್ಲಿದ್ದವರೆಲ್ಲ ನಮ್ಮೂರಿನವರೇ. ಯಾರೂ ತಪ್ಪು ತಿಳಿಯಲಿಲ್ಲ.